ರೀ ಎಂಬ ರಾಜದ್ರೋಹಿ

ಬಲು ಹಿಂದೆ, ಗಿಳಿಗಳು ಇನ್ನೂ ಮನುಷ್ಯರ ಮಾತು ಕಲಿಯದೆ ತಮ್ಮ ಮಾತನ್ನೇ ಆಡಿಕೊಂಡಿದ್ದ ಕಾಲದಲ್ಲಿ, ಎರೆಮಣ್ಣಿನ ಸೀಮೆಯಲ್ಲಿ ಬಿಳಿಜೋಳಗಿರಿ ಎಂಬ ರಾಜ್ಯವಿತ್ತು. ಅದನ್ನು ಕೇತರಾಜನೆಂಬ ಅರಸ ಆಳುತ್ತಿದ್ದ. ಅರಸ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನು ಮಾಡಿದ್ದನ್ನು ಕೇಳಿ ನೀವು ಅವನನ್ನು ಬೈಯಬಹುದು.

ಅವನ ರಾಣಿಯ ಹೆಸರು ಪದುಮಲದೇವಿ. ಒಂದು ಮುಂಜಾನೆ ಅವಳು ದೋಣಿ ಹತ್ತಿ ತವರಿಗೆ ಹೊರಟಳು. ಅರಸ ಗಾಢ ನಿದ್ದೆಯಲ್ಲಿದ್ದ, ಅವಳು ಎಬ್ಬಿಸಲಿಲ್ಲ. ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆಗೆ ಒಮ್ಮೆಲೇ ನೀರು ಬಂತು, ದೋಣಿ ಮಗುಚಿತು. ಸುದ್ದಿ ಅರಮನೆಗೆ ಮುಟ್ಟಿದ್ದು ಮೂರನೆಯ ದಿನ. ಆ ಮೂರು ದಿನವೂ ಅರಸ ಕುಸ್ತಿ ನೋಡಿದ್ದ, ನಕ್ಕಿದ್ದ, ರಾಣಿ ತವರಿನಲ್ಲಿ ಸುಖವಾಗಿದ್ದಾಳೆ ಎಂದುಕೊಂಡಿದ್ದ. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅಂದಿನಿಂದ ಅವನು ಒಳಮನೆ ಸೇರಿ ಬಾಗಿಲು ಹಾಕಿಕೊಂಡ. ಯಾರು ಎದುರಿಗೆ ಬಂದರೂ ಒಂದೇ ಪ್ರಶ್ನೆ: ಮಂತ್ರಿ ಎಲ್ಲಿದ್ದಾನೆ? ಮಾಲಿ ಎಲ್ಲಿದ್ದಾನೆ? ಅಡುಗೆಯವಳು ಎಲ್ಲಿಗೆ ಹೋದಳು, ಇನ್ನೂ ಯಾಕೆ ಬಂದಿಲ್ಲ?

ಹೀಗಿರುವಾಗ ಏಳು ಬೆಟ್ಟದಾಚೆಯಿಂದ ಕಾವಲಸಿದ್ಧನೆಂಬ ಮಾಂತ್ರಿಕ ಬಂದ.

"ಪ್ರಭು, ಈ ರಾಜ್ಯದಲ್ಲಿ ಇನ್ನು ಯಾರೂ ನಿನಗೆ ತಿಳಿಯದಂತೆ ಕಾಣೆಯಾಗಲಾರರು. ನಾನು ನೋಡಿಕೊಳ್ಳುತ್ತೇನೆ" ಎಂದ.

ಅರಸನಿಗೆ ಬೇಕಾದದ್ದು ಅಷ್ಟೇ. ಹೂಂ ಎಂದುಬಿಟ್ಟ.

ಕಾವಲಸಿದ್ಧ ಮೂರು ಕೆಲಸ ಮಾಡಿದ. ಮೊದಲನೆಯದು, ದಾರಿಯ ಬಾಗಿಲುಗಳಲ್ಲಿ ಕಬ್ಬಿಣದ ಕೋಣಗಳನ್ನು ನಿಲ್ಲಿಸಿದ. ಹೋಗಿಬರುವವರನ್ನೆಲ್ಲ ಅವು ಎಲ್ಲಿಗೆ, ಯಾಕೆ, ಯಾರ ಬಳಿಗೆ ಎಂದು ಕೇಳುತ್ತಿದ್ದವು. ಎರಡನೆಯದು, ಸಾವಿರ ಗಿಳಿಗಳನ್ನು ಮಂತ್ರ ಹಾಕಿ ಬಿಟ್ಟ. ಅವು ಮಾಳಿಗೆಯ ಮೇಲೆ, ಕಟ್ಟೆಯ ಮೇಲೆ ಕೂತು ಜನರ ಮಾತನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರುತ್ತಿದ್ದವು. ಓಲೆ ಕಳಿಸಿದರೆ ಮುದ್ರೆ ಒಡೆದು ಅದರೊಳಗಿನ ಮಾತನ್ನೂ ಹೆಕ್ಕಿಕೊಳ್ಳುತ್ತಿದ್ದವು. ಗೋಡೆಗೆ, ಕಿಟಕಿಯ ಜಾಲರಿಗೆ ಅಂಟಿಕೊಂಡು ಉಳಿದ ಹಳೆಯ ಮಾತನ್ನೂ ಬಿಡಲಿಲ್ಲ. ಮೂರನೆಯದು, ಆ ಮಾತುಗಳನ್ನೆಲ್ಲ ಕೂಡಿಡಲು ಅರಮನೆಯ ಹಿಂದಿನ ದೊಡ್ಡ ಹಗೇವನ್ನು ಖಾಲಿ ಮಾಡಿಸಿದ. ಹಗೇವು ಎಂದರೆ ಜೋಳ ಕೂಡಿಡುವುದಕ್ಕೆ ನೆಲದಡಿ ತೋಡಿದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಅದರ ಬಾಯಿಗೆ ಕಲ್ಲು ಮುಚ್ಚಿ, ಅರಸನ ಉಂಗುರದ ಮುದ್ರೆ ಒತ್ತಿಸಿದ. ಕಲ್ಲಿನ ನಡುವೆ ಒಂದು ಸಣ್ಣ ತೂತು, ಗಿಳಿಗಳು ಮಾತು ಹಾಕುವುದಕ್ಕೆ. ಹಗೇವು ತುಂಬಿದಂತೆಲ್ಲ ಕಾವಲಸಿದ್ಧ ಎತ್ತರವಾಗುತ್ತ ಹೋದ. ವರ್ಷ ಕಳೆಯುವುದರೊಳಗೆ ಅರಮನೆಯ ಹೆಬ್ಬಾಗಿಲಲ್ಲೂ ಬಗ್ಗಿ ನಡೆಯಬೇಕಾಯಿತು.

ಆದರೆ ಅವನು ಪರದೇಶದವನು. ಬರುವಾಗ ತಂದದ್ದು ನಾಲ್ಕು ಮಾತಿನ ಕನ್ನಡ, ಉಳಿದದ್ದನ್ನು ಕಲಿತಿದ್ದು ಗಿಳಿಗಳಿಂದ. ಗಿಳಿಗಳು ತಂದ ಮಾತಿನಲ್ಲಿ ಅವನಿಗೆ ಒಂದು ಸಂಗತಿ ಎದ್ದು ಕಾಣಿಸಿತು. ಬೆಳಗಾದರೆ ಪ್ರತಿ ಮನೆಯಲ್ಲೂ ಹೆಂಗಸು "ರೀ, ಏಳ್ರೀ" ಎನ್ನುತ್ತಾಳೆ. ಅಂಗಡಿಯವನು "ಏನ್ ಬೇಕ್ರೀ" ಎನ್ನುತ್ತಾನೆ. ಬಂದವರಿಗೆ "ಬರ್ರೀ, ಕುಂದರ್ರೀ". ಒಪ್ಪಿದರೆ "ಹೌದ್ರೀ", ಒಪ್ಪದಿದ್ದರೆ "ಇಲ್ರೀ". ಕಾವಲಸಿದ್ಧ ಬೆರಳು ಮಡಚಿ ಲೆಕ್ಕ ಹಾಕಿ ಬೆವತುಹೋದ. "ಯಾರಿವನು ರೀ? ಎಲ್ಲರ ಮನೆಯಲ್ಲೂ ಇದ್ದಾನೆ! ಅರಸನ ಹೆಸರನ್ನು ವರ್ಷಕ್ಕೊಮ್ಮೆ ಹೇಳುವ ಜನ ಇವನ ಹೆಸರನ್ನು ದಿನಕ್ಕೆ ನೂರು ಸಲ ಹೇಳುತ್ತಾರೆ!"

ಒಬ್ಬ ಮುದಿ ಮಂತ್ರಿ ತಿಳಿಸಿ ಹೇಳಲು ಹೋದ. "ಹಂಗಲ್ರೀ, ಅದು..." ಎಂದ. ಅಷ್ಟಕ್ಕೇ ಅವನನ್ನು ರೀಯ ಕಡೆಯವನೆಂದು ಮನೆಯಲ್ಲಿ ಕೂಡಿಹಾಕಿದರು. ಆಮೇಲೆ ಯಾರೂ ತಿಳಿಸಿ ಹೇಳಲು ಹೋಗಲಿಲ್ಲ.

ಅರಸನ ಒಳಮನೆಯೊಂದನ್ನು ಬಿಟ್ಟು ಊರೂರಿಗೆ ಡಂಗುರ ಬಂತು: ರೀ ಎಂಬ ರಾಜದ್ರೋಹಿಯನ್ನು ಹಿಡಿಯಲಾಗುವುದು, ಅವನ ಹೆಸರೆತ್ತಿದವರಿಗೂ ಶಿಕ್ಷೆ. ಮೊದಲ ದಿನ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಎರಡನೆಯ ದಿನ ಮಾಂತ್ರಿಕನ ಹಿತ್ತಾಳೆಯ ನಾಯಿಗಳು ಬೀದಿಗೆ ಬಂದವು. ಮೂರನೆಯ ದಿನ ನಗು ಕೇಳಿಸಲಿಲ್ಲ.

ರೀ ಇಲ್ಲದೆ ಮಾತಾಡಿ ನೋಡಿ, ಆಗ ಗೊತ್ತಾಗುತ್ತದೆ. ಸೊಸೆ ಮಾವನಿಗೆ "ಉಣ್ಣು ಬಾ" ಎನ್ನುವುದಕ್ಕಾಗುತ್ತದೆಯೇ? ಬೀಗರು ಬಂದರೆ "ಕುಂದರು" ಎಂದರೆ ಅವರು ಕೂರುತ್ತಾರೆಯೇ? ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ, ರೀ ಎನ್ನುವಂತೆಯೂ ಇಲ್ಲ. ಹಾಗಾದರೆ ಕರೆಯುವುದು ಹೇಗೆ? ಕೆಲವರು ಕೆಮ್ಮಿದರು, ಕೆಲವರು ಬಳೆ ಸದ್ದು ಮಾಡಿದರು. ದಿನ ಹೋದಂತೆ ಅದೂ ಬೇಸರವಾಗಿ ಜನ ಮಾತನ್ನೇ ಬಿಟ್ಟರು. ಬಿಳಿಜೋಳಗಿರಿಯಲ್ಲಿ ಹಗಲು ಹೊತ್ತಿನಲ್ಲೇ ಸೂತಕದ ಮನೆಯ ಮೌನ ಕೂತಿತು.

ಆ ರಾಜ್ಯದ ಕುಸುಬಿಹಾಳ ಎಂಬ ಊರಿನಲ್ಲಿ ನಿಂಬೆವ್ವ ಎಂಬ ಹೆಂಗಸು, ಅವಳ ಗಂಡ ಭರಮಪ್ಪ ಇದ್ದರು. ಹಗೇವು ತೋಡುವುದು, ತೆರೆಯುವುದು ಅವರ ಕಸುಬು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಒಳಗಿಳಿದವನು ಅರಿವಿಲ್ಲದೆ ಕುಸಿದು ಬೀಳಬಹುದು. ಅದಕ್ಕೇ ಒಬ್ಬರು ಇಳಿದರೆ ಇನ್ನೊಬ್ಬರು ಹಗ್ಗ ಹಿಡಿದು ಮೇಲೆ ಕೂತು ಕೂಗುತ್ತಲೇ ಇರಬೇಕು, ಕೆಳಗಿನವರು ಓಗೊಡುತ್ತಲೇ ಇರಬೇಕು. ಉತ್ತರ ನಿಂತರೆ ಎಳೆಯಬೇಕು.

"ರೀ!" ಎಂದು ನಿಂಬೆವ್ವ ಕೂಗುತ್ತಿದ್ದಳು.

"ಓ!" ಎಂದು ಭರಮಪ್ಪ ಕೆಳಗಿನಿಂದ ಹೇಳುತ್ತಿದ್ದ.

ಡಂಗುರ ಬಂದ ಮೇಲೂ ಅವಳು ನಿಲ್ಲಿಸಲಿಲ್ಲ. ಗಂಡ ನೆಲದಡಿ ಇರುವಾಗ ಕೆಮ್ಮಿಕೊಂಡು ಕೂರುವುದಕ್ಕಾಗುತ್ತದೆಯೇ? ಗಿಳಿಗಳು ಅದನ್ನು ಕಚ್ಚಿಕೊಂಡು ಹೋದವು. ಕಾವಲಸಿದ್ಧ ಕೇಳಿ ಕುಣಿದಾಡಿದ. "ಸಿಕ್ಕಿದ! ರೀ ನೆಲದಡಿ ಅಡಗಿದ್ದಾನೆ! ಕರೆದರೆ ಓ ಎನ್ನುತ್ತಾನೆ!" ಅದೇ ದಿನ ಹಿತ್ತಾಳೆಯ ನಾಯಿಗಳು ಬಂದು, ಮೈಯೆಲ್ಲ ಮಣ್ಣಾಗಿ ಹಗೇವಿನಿಂದ ಮೇಲೆ ಬಂದ ಭರಮಪ್ಪನನ್ನು ಹಾಗೇ ಎಳೆದುಕೊಂಡು ಹೋದವು. ಶಿಕ್ಷೆ ಇಷ್ಟು: ಮರುದಿನ, ಅಮಾವಾಸ್ಯೆಯ ಹೊತ್ತು ಮುಳುಗುವಾಗ ಗಿಳಿಗಳು ಅವನ ಮಾತನ್ನೆಲ್ಲ ಕುಕ್ಕಿ ತೆಗೆಯುತ್ತವೆ. ಕೊನೆಯ ಮಾತು ಹೋದೊಡನೆ ಅವನು ಕಲ್ಲಾಗುತ್ತಾನೆ.

ಬೆಳಕು ಹರಿಯುತ್ತಲೇ ನಿಂಬೆವ್ವ ಒಂದು ತಂಬಿಗೆ ನೀರು ತುಂಬಿಕೊಂಡಳು, ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡಳು, ರಾಜಧಾನಿಗೆ ಹೊರಟಳು. ಅವಳಲ್ಲಿ ಗಂಡನಿಗೂ ಹೇಳಿರದ ಒಂದು ಸುದ್ದಿಯಿತ್ತು. ಮೂರು ತಿಂಗಳು ತುಂಬಲಿ, ಆಮೇಲೆ ಮೊದಲು ಅವರಿಗೇ ಹೇಳುತ್ತೇನೆ ಎಂದು ತಡೆದಿದ್ದಳು. ಮೂರು ತುಂಬಿದ್ದು ಆ ವಾರವೇ.

ಅರ್ಧ ಹರದಾರಿ ನಡೆದಳೋ ಇಲ್ಲವೋ, ಕಬ್ಬಿಣದ ಕೋಣ ಅಡ್ಡ ನಿಂತಿತು.

"ಎಲ್ಲಿಗೆ?"

ಆ ಸೀಮೆಯಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಅಲ್ಲೇ ಕೂತು, ಗುಟುಕು ನೀರು ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ನಿಂಬೆವ್ವ ಕೂತಳು, ನೀರು ಕುಡಿದಳು, ಎದ್ದಳು.

"ಎಲ್ಲಿಗೆ?" ಎಂದಿತು ಕೋಣ.

ಮತ್ತೆ ಕೂತಳು, ಕುಡಿದಳು, ಎದ್ದಳು.

"ಎಲ್ಲಿಗೆ? ಯಾಕೆ? ಯಾರ ಬಳಿಗೆ?"

ಮೂರನೆಯ ಸಲ ಕೂತಾಗ ತಂಬಿಗೆಯಲ್ಲಿ ಸ್ವಲ್ಪವೇ ನೀರಿತ್ತು. ನಿಂಬೆವ್ವ ತಲೆಯೆತ್ತಿ ಕೋಣನ ಮುಖ ನೋಡಿದಳು. ಬಿಸಿಲಿಗೆ ಕಾದು ಕಾದು ಅದರ ತುಟಿಯೆಲ್ಲ ತುಕ್ಕು ಹಿಡಿದಿತ್ತು. ಅವಳಿಗೆ ಪಾಪ ಅನ್ನಿಸಿತು. ಉಳಿದ ನೀರನ್ನು ಬೊಗಸೆಯಲ್ಲಿ ಹಿಡಿದು ಅದರ ಬಾಯಿಗೆ ಒಡ್ಡಿದಳು.

"ನಿನಗೂ ನೀರಡಿಕಿ ಆಗಿರಬೇಕಲ್ಲೋ ತಮ್ಮಾ. ಕುಡಿ."

ಕೋಣ ಕುಡಿಯಿತು. "ವರ್ಷದಿಂದ ಎಲ್ಲರನ್ನೂ ಕೇಳುತ್ತಿದ್ದೇನೆ. ನೀರಡಿಕೆಯೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ" ಎಂದಿತು.

"ಹೆಂಗ ಕೇಳ್ತಾರ? ನೀ ಬಾಯಿ ತೆರದ್ರ ಎಲ್ಲಿಗೆ ಅಂತೀದಿ. ಅದು ಕೇಳೂ ಮಾತಲ್ಲ. 'ದೂರ ಹೊಂಟೀಯೇನವ್ವಾ' ಅನ್ನಬೇಕು."

ಕೋಣ ಕಷ್ಟಪಟ್ಟು ನಾಲಿಗೆ ಹೊರಳಿಸಿತು. "ದೂರ... ಹೊಂಟೀಯೇನವ್ವಾ?"

"ಹ್ಞೂಂ ತಮ್ಮಾ, ಸ್ವಲ್ಪ ದೂರ."

ಅಷ್ಟೇ. ಆ ಸೀಮೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. "ಹೋಗಿ ಬಾರವ್ವಾ" ಎಂದು ಕೋಣ ಪಕ್ಕಕ್ಕೆ ಸರಿಯಿತು.

ಮುಂದೆ ಒಂದು ಹುಣಸೆಯ ತೋಪು. ಎಲೆಗಳಿಗಿಂತ ಗಿಳಿಗಳೇ ಹೆಚ್ಚು. ಸಾವಿರ ಗಿಳಿ ಒಂದೇ ದನಿಯಲ್ಲಿ ಕೂಗಿದವು: "ಒಂದು ಗುಟ್ಟು ಹೇಳಿ ಮುಂದೆ ಹೋಗು! ಯಾರಿಗೂ ಹೇಳದ ಗುಟ್ಟು! ಸುಳ್ಳು ಹೇಳಿದರೆ ಕಣ್ಣು ಕುಕ್ಕುತ್ತೇವೆ!"

ನಿಂಬೆವ್ವನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವಳಲ್ಲಿದ್ದದ್ದು ಒಂದೇ ಗುಟ್ಟು. ಅದನ್ನು ಇಲ್ಲಿ ಹೇಳಿದರೆ ಗಂಡನಿಗಿಂತ ಮೊದಲು ಮಾಂತ್ರಿಕನಿಗೆ ಮುಟ್ಟುತ್ತದೆ. ಹೇಳದಿದ್ದರೆ ಹೊತ್ತು ಮುಳುಗುತ್ತದೆ. ಅವಳಿಗೆ ಅಳು ಬಂತು. ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಆಮೇಲೆ ಯೋಚಿಸಿದಳು.

"ಗುಟ್ಟು ಅಂದ್ರ ಒಂದು ಕಿವಿಗೆ ಹೇಳೂದು. ಸಾವಿರ ಕಿವಿಗೆ ಹೇಳಿದ್ರ ಅದು ಡಂಗುರ. ನಿಮ್ಮೊಳಗ ಒಬ್ಬರು ಕೆಳಗ ಬರ್ರಿ."

ಬಾಯಿ ತಪ್ಪಿ ರೀ ಎಂದುಬಿಟ್ಟಿದ್ದಳು. ಗಿಳಿಗಳಿಗೆ ಅದು ಗಮನಕ್ಕೇ ಬರಲಿಲ್ಲ. ಯಾರು ಹೋಗಬೇಕೆಂದು ಜಗಳ ಹತ್ತಿಕೊಂಡಿತ್ತು. ಕೊನೆಗೆ ಎಲ್ಲಕ್ಕಿಂತ ಮುದಿಯಾದ ಗಿಳಿ ಇಳಿದು ಬಂದು ಅವಳ ಹೆಗಲ ಮೇಲೆ ಕೂತಿತು. ನಿಂಬೆವ್ವ ಪಿಸುಗುಟ್ಟಿದಳು.

"ನನಗ ಈಗ ಮೂರು ತಿಂಗಳು. ಇನ್ನೂ ನಮ್ಮನಿಯವ್ರಿಗೆ ಹೇಳಿಲ್ಲ. ಇದನ್ನ ಹೊತ್ತುಕೊಂಡು ಹೋಗಿ ಹಾಕೂ ಸಲುವಾಗಿ ಹೇಳಿಲ್ಲ ಮತ್ತ. ನಿನ್ನ ಹತ್ರ ಇಟ್ಟುಕೊ ಅಂತ ಹೇಳೀನಿ. ಇದು ನಿನ್ನದು."

ಮುದಿ ಗಿಳಿ ಕಣ್ಣು ಪಿಳುಕಿಸಿತು. ಲಕ್ಷ ಮಾತು ಹೊತ್ತಿದ್ದ ಕೊಕ್ಕು ಅದು. ಒಂದು ಮಾತನ್ನಾದರೂ ಇಟ್ಟುಕೊ ಎಂದು ಯಾರೂ ಕೊಟ್ಟಿರಲಿಲ್ಲ. ಅದು ರೆಕ್ಕೆ ಉಬ್ಬಿಸಿ, ಕುತ್ತಿಗೆ ಒಳಗೆಳೆದುಕೊಂಡು, ಮೊಟ್ಟೆಯ ಮೇಲೆ ಕಾವು ಕೂತ ಹಾಗೆ ಕೂತಿತು.

"ಏನು ಹೇಳಿದಳು? ಏನು ಹೇಳಿದಳು?" ಎಂದು ಉಳಿದ ಗಿಳಿಗಳು ಕಿರುಚಿದವು.

"ಗುಟ್ಟು ಹೇಳಿದಳು. ನಿಜವಾದದ್ದು. ದಾರಿ ಬಿಡಿ" ಎಂದಿತು ಮುದಿ ಗಿಳಿ. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ನಿಂಬೆವ್ವ ರಾಜಧಾನಿ ಮುಟ್ಟಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಅರಮನೆಯ ಹಿಂದೆ ಹಗೇವಿನ ಬಳಿ ಜನ ನೆರೆದು ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕಂಬಕ್ಕೆ ಭರಮಪ್ಪನನ್ನು ಕಟ್ಟಿದ್ದರು. ಅವನ ಮುಖದ ಮಣ್ಣು ಒಣಗಿ ಬಿರುಕುಬಿಟ್ಟಿತ್ತು. ಹೆಂಡತಿಯನ್ನು ಕಂಡು ಅವನು ಮೊದಲು ಹಿಗ್ಗಿದ, ಆಮೇಲೆ ಹೆದರಿ, ಬರಬೇಡ ಎಂದು ತಲೆ ಅಲ್ಲಾಡಿಸಿದ. ಒಬ್ಬನನ್ನು ಕಲ್ಲು ಮಾಡಬೇಕಾದರೆ ಅವನೆದುರಿಗೇ ಅರಸ ಆಜ್ಞೆಗೆ ಮುದ್ರೆ ಒತ್ತಬೇಕೆಂಬ ನಿಯಮವಿತ್ತು. ಹಾಗಾಗಿ ಕೇತರಾಜ ವರ್ಷದ ಮೇಲೆ ಮೊದಲ ಸಲ ಹೊರಗೆ ಬಂದಿದ್ದ. ಬಿಸಿಲಿಗೆ ಕಣ್ಣು ಬಿಡಲಾರದೆ, ಬಿಳಿಚಿಕೊಂಡು, ಉಂಗುರ ಹಿಡಿದು ಕೂತಿದ್ದ. ಕಾವಲಸಿದ್ಧ ತಾಳೆಮರದ ಹಾಗೆ ಅವನ ಪಕ್ಕದಲ್ಲಿ ನಿಂತಿದ್ದ.

"ಪ್ರಭು, ಇವನೇ ಆ ದ್ರೋಹಿ. ಇವನ ಹೆಸರನ್ನು ಇದುವರೆಗೆ ನಿನಗೂ ಹೇಳದೆ ಗುಟ್ಟಾಗಿಟ್ಟಿದ್ದೆ. ಇವನ ಧೈರ್ಯ ಎಷ್ಟೆಂದು ಕೇಳು. ಮಹಾರಾಣಿ ತವರಿಗೆ ಹೊರಟ ಮುಂಜಾನೆ, ನಿನ್ನ ಅಂತಃಪುರದಲ್ಲೇ, ಇವನ ಹೆಸರು ಹಿಡಿದು ಕರೆದು ಏನೋ ಪಿಸುಗುಟ್ಟಿದ್ದಾಳೆ. ನನ್ನ ಗಿಳಿಗಳು ಆ ಮಾತನ್ನು ಕಿಟಕಿಯ ಜಾಲರಿಯಿಂದ ಕುಕ್ಕಿ ತಂದಿವೆ. ಹಗೇವಿಗೆ ಬಿದ್ದ ಮೊದಲ ಮಾತೇ ಅದು."

ಅರಸನ ಮುಖ ಕಪ್ಪಿಟ್ಟಿತು. ಅವನು ಉಂಗುರವನ್ನು ಅರಗಿನ ಹತ್ತಿರ ತಂದ.

"ಒಂದು ಮಾತು ಕೇಳ್ಲೇನ್ರೀ ಅರಸರ?" ಎಂದು ನಿಂಬೆವ್ವ ಗುಂಪು ಸೀಳಿಕೊಂಡು ಬಂದಳು.

ಹಿತ್ತಾಳೆಯ ನಾಯಿಗಳು ಗುರುಗುಟ್ಟಿದವು. "ಕೇಳಿಸಿತೇ? ಇವಳೂ ಅವನ ಹೆಸರೆತ್ತಿದಳು!" ಎಂದ ಕಾವಲಸಿದ್ಧ. ಅರಸ ಕೈಯೆತ್ತಿ ತಡೆದ. ವರ್ಷದಿಂದ ಅವನನ್ನು ಯಾರೂ ಏನೂ ಕೇಳಿರಲಿಲ್ಲ, ಅವನೇ ಎಲ್ಲರನ್ನೂ ಕೇಳುತ್ತಿದ್ದ.

"ಕೇಳು ತಾಯಿ."

"ತಪ್ಪು ತಿಳೀಬ್ಯಾಡ್ರೀ. ಮಹಾರಾಣಿಯವರು ನಿಮ್ಮನ್ನ ಏನಂತ ಕರೀತಿದ್ರು?"

ಅರಸ ಉಂಗುರವನ್ನು ಅರಗಿನಿಂದ ಹಿಂದಕ್ಕೆ ತೆಗೆದ. ಅವನು ಕಾವಲಸಿದ್ಧನ ಕಡೆ ತಿರುಗಿ, "ಆ ದ್ರೋಹಿಯ ಹೆಸರು ಏನು?" ಎಂದು ಕೇಳಿದ.

"ರೀ, ಪ್ರಭು."

"ರೀ" ಎಂದ ಅರಸ. ವರ್ಷದಿಂದ ಕೇಳದಿದ್ದ ಮಾತನ್ನು ತಾನೇ ಮತ್ತೊಮ್ಮೆ ಅಂದು ನೋಡಿದ. "ಅಯ್ಯೋ ಮಾರಾಯಾ... ಅದು ನಾನೋ. ಆ ರೀ ನಾನು. ಇವರೆಲ್ಲರೂ ರೀ. ಗೌರವದಿಂದ ಯಾರನ್ನು ಕರೆದರೂ ಹಾಗೇ ಅಂತಾರೆ. ಯಾರನ್ನ ಹಿಡೀತಿದ್ದೀ ನೀನು ನನ್ನ ಹೆಸರಲ್ಲಿ?"

ಜನರ ನಡುವೆ ಎಲ್ಲೋ ಒಬ್ಬರು ಕಿಸಕ್ಕನೆ ನಕ್ಕರು. ಅರಸ ನಗಲಿಲ್ಲ. ತಾನೇ ಹೋಗಿ ಭರಮಪ್ಪನ ಕಟ್ಟು ಬಿಚ್ಚಿದ. ಆಮೇಲೆ ಮಾಂತ್ರಿಕನ ಅಂಗಿಯ ತುದಿ ಹಿಡಿದುಕೊಂಡು, ಭಿಕ್ಷೆ ಬೇಡುವ ದನಿಯಲ್ಲಿ, "ನನ್ನ ಪದುಮಲೆ ಏನು ಹೇಳಿದಳು?" ಎಂದ.

"ನಾನು ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದನ್ನಷ್ಟೇ ನೋಡಿಕೊಳ್ಳುತ್ತೇನೆ. ಮಾತು ಹಗೇವಿನಲ್ಲಿದೆ" ಎಂದ ಕಾವಲಸಿದ್ಧ. ಹೇಳುತ್ತ ಹೇಳುತ್ತಲೇ ಅವನಿಗೆ ತನ್ನ ಕೈಗೆ ಏನು ಸಿಕ್ಕಿದೆ ಎಂದು ಹೊಳೆಯಿತು. ದನಿ ಬೆಣ್ಣೆಯಾಯಿತು. "ನಾನು ಹುಡುಕಿ ಕೊಡುತ್ತೇನೆ ಪ್ರಭು. ಒಂದು ವರ್ಷ ಬೇಕು, ಎರಡು ವರ್ಷ ಬೇಕು. ಅಲ್ಲಿಯವರೆಗೆ ಎಲ್ಲವೂ ಹೀಗೇ ನಡೆಯಲಿ, ಮುಚ್ಚಳ ಮುಚ್ಚಿಯೇ ಇರಲಿ. ತೆರೆದೆಯೋ, ಒಳಗಿನ ಮಾತೆಲ್ಲ ಹಾರಿಹೋಗುತ್ತದೆ. ಅವಳದೂ."

ಅರಸ ಹಗೇವಿನ ಕಲ್ಲಿನ ಮೇಲೆ ಕುಸಿದು ಕೂತ. ಅದನ್ನು ಎರಡೂ ಕೈಯಿಂದ ಸವರಿದ. ನಿಂಬೆವ್ವನಿಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಅವಳು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಅರಸರ, ಹಗೇವಿನಾಗ ಒಂದು ಕಾಳು ಹುಡುಕಾಕ ಬರಂಗಿಲ್ರೀ. ನಾ ಇದ್ರಾಗ ಬೆಳದಾಕಿ. ಮುಚ್ಚಿಟ್ಟಷ್ಟೂ ಒಳಗಿಂದು ಕಾವು ಏರಿ ಕೆಡ್ತೈತಿ. ಇದರಾಗ ನಿಮ್ಮದೊಂದು ಮಾತಿದ್ರ, ಊರಾಗಿನವರವು ಲಕ್ಷ ಮಾತು ಅದಾವು. ಎಲ್ಲಾ ಯಾರಿಗೋ ಹೇಳಿದ್ದು, ಅವ್ರಿಗೆ ಮುಟ್ಟಲಾರದ್ದು."

"ತೆರೆದರೆ ನನ್ನದು ನನಗೆ ಬರುತ್ತದೆಯೇ?"

"ನಿಮಗ ಹೇಳಿದ ಮಾತು ನಿಮ್ಮನ್ನ ಹುಡುಕ್ಕೊಂಡು ಬರ್ಬೇಕ್ರೀ."

"ಬರದಿದ್ದರೆ?"

ನಿಂಬೆವ್ವ ಹೆಗಲ ಹಗ್ಗ ಇಳಿಸಿ ಕೆಳಗಿಟ್ಟಳು. "ಬರದಿದ್ರ ಇಲ್ರೀ. ನಾ ಸುಳ್ಳು ಹೇಳಂಗಿಲ್ಲ."

ಅರಸ ಸುತ್ತ ನಿಂತ ಜನರನ್ನು ನೋಡಿದ. ವರ್ಷದಿಂದ ಇವರೆಲ್ಲ ಎಲ್ಲಿದ್ದಾರೆಂದು ಅವನಿಗೆ ಕ್ಷಣಕ್ಷಣವೂ ತಿಳಿದಿತ್ತು, ಮುಖ ಮಾತ್ರ ನೋಡಿರಲಿಲ್ಲ. ಒಬ್ಬರ ಮುಖದಲ್ಲೂ ಕಳೆಯಿರಲಿಲ್ಲ. ಅವನು ಉಂಗುರದಿಂದಲೇ ಅರಗನ್ನು ಕೆರೆದು ಮುದ್ರೆ ಒಡೆದ. ಭರಮಪ್ಪ ಬಂದು ಹೆಗಲು ಕೊಟ್ಟ. ಇಬ್ಬರೂ ಸೇರಿ ಕಲ್ಲನ್ನು ಹೊರಳಿಸಿದರು.

ಒಳಗಿನಿಂದ ಬಿಸಿ ಉಸಿರು ಬುಸ್ಸೆಂದು ಬಂತು. ಅದರ ಹಿಂದೆ ಮಾತುಗಳು ಹೊರಟವು. ಹೊಟ್ಟಿನ ಹಾಗೆ ಹಗುರಾಗಿ, ಸಾವಿರ, ಲಕ್ಷ. ಒಂದೊಂದೂ ತನ್ನ ಕಿವಿಯನ್ನು ಹುಡುಕಿಕೊಂಡು ಹಾರಿತು. 'ನಾವೆಲ್ಲ ಇಲ್ಲಿ ಕ್ಷೇಮ, ನಿನ್ನ ನೆನಪೇ ಹೆಚ್ಚು' ಎಂಬ ಓಲೆಯ ಮಾತು ಎಂಟು ತಿಂಗಳ ಮೇಲೆ ಒಬ್ಬ ತಾಯಿಯ ಕಿವಿಗೆ ಬಿತ್ತು. ಜಗಳವಾಡಿ ಬೇರೆಯಾಗಿದ್ದ ಅಣ್ಣನಿಗೆ ತಮ್ಮನ 'ನಂದೂ ತಪ್ಪೈತಿ' ಸಿಕ್ಕಿತು. ಗುಂಪಿನಲ್ಲಿದ್ದ ಒಬ್ಬ ಮುದುಕಿ ಏನೋ ಕೇಳಿಸಿಕೊಂಡು ನಾಚಿ ಸೆರಗು ಮುಖಕ್ಕೆ ಹಿಡಿದಳು. ಅವಳ ಗಂಡ ಆಕಾಶ ನೋಡುತ್ತ ನಿಂತ.

ಮಾತು ಹೋದಂತೆಲ್ಲ ಕಾವಲಸಿದ್ಧ ಕುಗ್ಗಿದ. ಮೊದಲು ಬಾಗಿಲೆತ್ತರ, ಆಮೇಲೆ ಆಳೆತ್ತರ, ಕೊನೆಗೆ ಒಬ್ಬ ಬಡಕಲು ಮುದುಕ. ಕೋಣಗಳು ನಿಂತಲ್ಲೇ ಜೀವ ತುಂಬಿ ಎಮ್ಮೆಗಳ ಹಿಂಡು ಹುಡುಕಿ ಹೋದವು. ಹಿತ್ತಾಳೆಯ ನಾಯಿಗಳು ಬಾಲ ಅಲ್ಲಾಡಿಸುವ ಬರೀ ನಾಯಿಗಳಾದವು. ಗಿಳಿಗಳು ಕೀಚು ಕೀಚು ಎಂದು ತಮ್ಮ ಮಾತಾಡುತ್ತ ತೋಪಿನತ್ತ ಹಾರಿದವು.

ಅರಸನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಮಾತಿನ ಹರಿವು ನಿಂತಿತು. ಅವನು ಕೂತೇ ಇದ್ದ.

"ಮೊದಲು ಹಾಕಿದ್ದು ತಳದಾಗ ಇರ್ತೈತ್ರೀ. ತಡೀರಿ" ಎಂದ ಭರಮಪ್ಪ.

ಒಳಗಿನ ಗಾಳಿ ನೋಡಲು ಅವನು ಒಂದು ಹಣತೆ ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಅರ್ಧಕ್ಕೇ ಆರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಳಿಬಿಟ್ಟ. ತಳ ಮುಟ್ಟುವಾಗ ಆರಿತು. ಮೂರನೆಯ ಸಲ ತಳ ಮುಟ್ಟಿಯೂ ಉರಿಯಿತು, ಆದರೆ ಸಣ್ಣದಾಗಿ. "ಇನ್ನೂ ಪೂರಾ ಗಾಳಿ ಆಡಿಲ್ಲ" ಎಂದಳು ನಿಂಬೆವ್ವ. "ಗೊತ್ತು" ಎಂದ ಭರಮಪ್ಪ, ಒಂದು ಪೊರಕೆ ಇಸಿದುಕೊಂಡು ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಆಮೇಲೆ ಪಕ್ಕದಲ್ಲಿದ್ದವರ ದುಪ್ಪಟಿಯಿಂದ ಅರಳೆ ಕಿತ್ತು ತನ್ನ ಎರಡೂ ಕಿವಿಗೆ ತುರುಕತೊಡಗಿದ.

ನಿಂಬೆವ್ವ ಗಾಬರಿಯಾದಳು. "ಇದೇನ್ರೀ! ನಾ ಕೂಗಿದ್ದು ನಿಮಗ ಹೆಂಗ ಕೇಳಸ್ತೈತಿ?"

"ಅದು ಅರಸರಿಗೆ ಹೇಳಿದ ಮಾತು. ನಾ ಕೇಳಬಾರದಲ್ಲ" ಎಂದ ಭರಮಪ್ಪ. "ಹಗ್ಗ ಜಗ್ಗು. ನಾನೂ ಜಗ್ಗತೀನಿ."

ತಾನು ಯಾರಿಂದ ಕಲ್ಲಾಗಲಿದ್ದನೋ ಅವನಿಗಾಗಿ ಭರಮಪ್ಪ ಕೆಟ್ಟ ಗಾಳಿಯೊಳಕ್ಕೆ ಕಿವುಡನಾಗಿ ಇಳಿದ. ಅರಸ ನಿಂಬೆವ್ವನ ಪಕ್ಕದಲ್ಲಿ ಮೊಣಕಾಲೂರಿ ತಾನೂ ಹಗ್ಗ ಹಿಡಿದ. ಅವಳು ಒಮ್ಮೆ ಜಗ್ಗಿದಳು; ಕೆಳಗಿನಿಂದ ಒಮ್ಮೆ ಜಗ್ಗಿತು. ಮತ್ತೆ ಜಗ್ಗಿದಳು, ಮತ್ತೆ ಬಂತು. ಕೆಳಗೆ ಪೊರಕೆಯ ಸದ್ದು, ತಳದ ಮಾತು ಮೇಲೇಳಲೆಂದು ಗುಡಿಸುತ್ತಿದ್ದ. ಮೂರನೆಯ ಸಲ ಜಗ್ಗಿದಾಗ ಉತ್ತರ ಬರಲಿಲ್ಲ.

"ಎಳೀರಿ!" ಎಂದು ನಿಂಬೆವ್ವ ಚೀರಿದಳು. ಅರಸ ಎಳೆದ, ಅವಳು ಎಳೆದಳು, ಊರಿನವರು ಬಂದು ಎಳೆದರು. ಕಾವಲಸಿದ್ಧನೂ, ಪಾಪ, ಏನು ಅನ್ನಿಸಿತೋ, ತನ್ನ ಬಡಕಲು ಕೈಯಿಂದ ಹಗ್ಗದ ತುದಿ ಹಿಡಿದು ಎಳೆದ. ಭರಮಪ್ಪ ಮೇಲೆ ಬಂದ. ಕಣ್ಣು ಮುಚ್ಚಿತ್ತು. ನಿಂಬೆವ್ವ ಅವನ ಎದೆ ತಿಕ್ಕಿದಳು, ಕಿವಿಯ ಅರಳೆ ಕಿತ್ತು ಬಿಸಾಡಿದಳು, ಕಿವಿಗೆ ಬಾಯಿಟ್ಟು, "ರೀ! ರೀ! ಕೇಳ್ರಿಲ್ಲಿ..." ಎಂದು ಕರೆದು, ಅದುವರೆಗೆ ತಡೆದಿದ್ದ ಸುದ್ದಿಯನ್ನು ಹೇಳಿದಳು.

ಭರಮಪ್ಪ ಕಣ್ಣು ಬಿಟ್ಟ. "ಓ" ಎಂದ. ಆಮೇಲೆ ಎದ್ದು ಕೂತು, "ಏನಂದಿ? ಖರೇನ?" ಎಂದ.

ಆಗಲೇ ಅವನ ಹಿಂದಿನಿಂದ, ಹಗೇವಿನ ತಳದಿಂದ, ಗುಡಿಸಿದ ಧೂಳಿನ ಜೊತೆ ಒಂದು ಕೊನೆಯ ಮಾತು ಮೇಲೆದ್ದು ಬಂತು. ಬಲು ಮೆಲ್ಲಗೆ ಬಂತು. ಯಾರೂ ಹೇಳಿಕೊಡಲಿಲ್ಲ, ಅಲ್ಲಿದ್ದವರೆಲ್ಲ ಅರಸನಿಗೆ ಬೆನ್ನು ತಿರುಗಿಸಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಮಾಂತ್ರಿಕ ತಿಳಿಯದೆ ನೋಡುತ್ತ ನಿಂತಿದ್ದ. ನಿಂಬೆವ್ವ ಅವನ ಭುಜ ಹಿಡಿದು ತಿರುಗಿಸಿ, "ಈ ಕಡೆ ನಿಂದರ್ರೀ ಅಜ್ಜಾರ" ಎಂದಳು. ತನ್ನನ್ನು ರೀ ಎಂದು ಕರೆದದ್ದು ಕೇಳಿ ಆ ಮುದುಕನ ಕಣ್ಣಲ್ಲಿ ನೀರು ಬಂತು. ಅವನೂ ಕಿವಿ ಮುಚ್ಚಿಕೊಂಡ.

ಬಹಳ ಹೊತ್ತಿನ ಮೇಲೆ ಜನ ಕೈ ತೆಗೆದರು. ಅರಸ ಅಳುತ್ತಿರುತ್ತಾನೆಂದುಕೊಂಡಿದ್ದರು. ಅವನು ನಗುತ್ತಿದ್ದ. ಹೆಂಡತಿಯ ಕೈಲಿ ಚೆನ್ನಾಗಿ ಬೈಸಿಕೊಂಡ ಗಂಡ ನಗುವ ಹಾಗೆ, ತಲೆ ತಗ್ಗಿಸಿಕೊಂಡು, ಕಣ್ಣೊರೆಸಿಕೊಂಡು ನಗುತ್ತಿದ್ದ.

ಮರುದಿನದಿಂದ ಬಿಳಿಜೋಳಗಿರಿಯಲ್ಲಿ ಗದ್ದಲವೋ ಗದ್ದಲ. ವರ್ಷದ ಮಾತು ಬಾಕಿ ಇತ್ತಲ್ಲ. ದೊಡ್ಡ ಹಗೇವಿಗೆ ಮತ್ತೆ ಜೋಳ ತುಂಬಿದರು. ಮಾಂತ್ರಿಕ ಅಜ್ಜ ಭರಮಪ್ಪನ ಮನೆ ಸೇರಿ, ಕೂಸು ಹುಟ್ಟಿದ ಮೇಲೆ ಅದರ ತೊಟ್ಟಿಲು ತೂಗುತ್ತ, ಅದರ ಜೊತೆಗೇ ಕನ್ನಡವನ್ನು ಮೊದಲಿನಿಂದ ಕಲಿತ. ಅರಸ ಒಳಮನೆಯ ಬಾಗಿಲು ತೆರೆದಿಟ್ಟ. ಯಾರಾದರೂ ಹೊರಟರೆ "ದೂರವೇನ್ರೀ?" ಎಂದು ಕೇಳುವುದನ್ನು ಕಲಿತ, ಅವರು ಬರುವವರೆಗೆ ಸ್ವಲ್ಪ ಹೆದರುತ್ತ ಕಾಯುವುದನ್ನೂ ಕಲಿತ. ಮುದುಕನಾಗಿ, ಮನೆತುಂಬ ಮೊಮ್ಮಕ್ಕಳ ಹಾಗೆ ಊರಿನ ಮಕ್ಕಳನ್ನೆಲ್ಲ ಕೂಡಿಸಿಕೊಂಡು, ಸುಖವಾಗಿ ಬಾಳಿದ. ಉಳಿದವರೂ ಹಾಗೇ ಬಾಳಿದರು.

ರಾಣಿ ಏನು ಹೇಳಿದ್ದಳು ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಕತೆ ಹೇಳಿದಲ್ಲೆಲ್ಲ ಕೇಳುತ್ತಾರೆ. ಅದು ಗಂಡನಿಗೆ ಹೆಂಡತಿ ಹೇಳಿದ ಮಾತು. ನಾನೂ ಆಗ ಆ ಕಡೆ ತಿರುಗಿ ನಿಂತಿದ್ದೆ.